ಅತ್ತೆಯ ಮುಲಾಮು, ಇಲಿಯ ಬಾಣಂತನ

ಇಲಿಯಕ್ಕನನ್ನು ಅರಿಯದವರು ಆ ಊರಿನಲ್ಲಿ ಇದ್ದರೆ ಅದು ಆಗ ತಾನೇ ಹುಟ್ಟಿದ ಕೂಸು ಮಾತ್ರ, ಅದಕ್ಕೂ ಸಂಜೆಯೊಳಗೆ ಯಾರಾದರೂ ಹೇಳಿಬಿಡುತ್ತಿದ್ದರು. ಅವಳು ಬೀದಿಯಲ್ಲಿ ನಡೆದು ಬಂದರೆ ಬೆಕ್ಕುಗಳು ಎದ್ದು ನಿಂತು ದಾರಿ ಬಿಡುತ್ತಿದ್ದವು. ಗೌರವಕ್ಕೋ ಹೊಟ್ಟೆಕಿಚ್ಚಿಗೋ ಹೇಳುವುದು ಕಷ್ಟ. ಹೆತ್ತವರು ಇಟ್ಟ ಹೆಸರು ಒಂದಿತ್ತು. ಕರೆಯುವವರಿಲ್ಲದೆ ಅದು ಮೂಲೆ ಸೇರಿ ತುಕ್ಕು ಹಿಡಿದಿತ್ತು.

ಅವಳು ಕೆಲಸ ಮಾಡುತ್ತಿದ್ದದ್ದು ಒಂದು ಸಂಶೋಧನಾಲಯದಲ್ಲಿ. ಗಡ್ಡೆ ಯಾಕೆ ಬೆಳೆಯುತ್ತದೆ, ಗರ್ಭದಲ್ಲಿ ಕೂಸು ಹೇಗೆ ರೂಪ ತಳೆಯುತ್ತದೆ ಎಂಬುದನ್ನು ಇಲಿಗಳನ್ನು ಸಾಕಿ ತಿಳಿದುಕೊಳ್ಳುವ ಜಾಗ ಅದು. ಮೇಲಿನ ಮಹಡಿಗಳಲ್ಲಿ ಓದಿದವರು, ನೆಲಮಹಡಿಯಲ್ಲಿ ಇಲಿಗಳು. ಬಹುಮತ ಇಲಿಗಳದೇ. ಚುನಾವಣೆ ಎಂದೂ ನಡೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಅಲ್ಲಿನ ಮುಖ್ಯಸ್ಥೆ ದೊಡ್ಡ ಮೇಡಂ ಇನ್ನೂ ತಮ್ಮ ಕುರ್ಚಿಯಲ್ಲಿ ಕೂತಿದ್ದರು.

ಅಲ್ಲಿಗೆ ಬರುವ ಮೊದಲು ಇಲಿಯಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಇಲಿಯೆಂದರೆ ಅವಳಿಗೆ ಎದೆ ಝಲ್ಲೆನ್ನುತ್ತಿತ್ತು. ಮೊದಲ ದಿನ ಒಂದು ಬಿಳಿ ಇಲಿ ಪಂಜರದಿಂದ ಕುಪ್ಪಳಿಸಿದಾಗ ಅವಳು ಏರಿದ ಸ್ಟೂಲಿನ ಮೇಲಿಂದ ಇಳಿಯಲೇ ಇಲ್ಲವಂತೆ, ಊಟದ ಗಂಟೆ ಹೊಡೆಯದಿದ್ದರೆ ಇವತ್ತಿಗೂ ಅಲ್ಲೇ ಇರುತ್ತಿದ್ದಳಂತೆ. ಆದರೆ ಮಾರನೆಯ ದಿನ ಅದೇ ಇಲಿ ಮರಿ ಹಾಕಿತು. ಹುರುಳಿಕಾಳಿನಷ್ಟು ಮೈ, ಗುಲಾಬಿ ಬಣ್ಣ, ಕಣ್ಣು ಮುಚ್ಚಿದ ಮುಖ. ನೋಡುತ್ತ ನಿಂತವಳಿಗೆ ಭಯ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಂದಿನಿಂದ ಬಾಣಂತಿ ಇಲಿಗಳ ಕೋಣೆ ಅವಳದಾಯಿತು. ಗೂಡಿಗೆ ಮೆತ್ತನೆಯ ಕಾಗದದ ಎಳೆ ಹಾಕುವುದು, ನೀರು ಮೇವು ನೋಡುವುದು, ಯಾರ ಮರಿ ಯಾರದೆಂದು ತಪ್ಪದಂತೆ ಕಿವಿಗೆ ಸಣ್ಣ ಕಚ್ಚು ಹಾಕುವುದು, ಎಲ್ಲಕ್ಕಿಂತ ಮಿಗಿಲಾಗಿ ಸದ್ದು ಮಾಡದೆ ಓಡಾಡುವುದು. ಅವಳ ಹೆಜ್ಜೆ ಎಷ್ಟು ಹಗುರವಾಯಿತೆಂದರೆ ಮನೆಯಲ್ಲಿ ಗಂಡ ಹಲವು ಸಲ ಬೆಚ್ಚಿಬಿದ್ದಿದ್ದ.

ಆ ಕೆಲಸದಲ್ಲಿ ಸಾವೂ ಇತ್ತು. ಕೆಲವು ಇಲಿಗಳು ಮೇಲಿನ ಮಹಡಿಗೆ ಹೋದರೆ ಹಿಂದಿರುಗುತ್ತಿರಲಿಲ್ಲ. ಅದನ್ನವಳು ಸುಳ್ಳು ಹೇಳಿ ಸಿಂಗರಿಸಲಿಲ್ಲ. ಬದುಕಿರುವಷ್ಟು ದಿನ ಬೆಚ್ಚಗಿರಲಿ, ಹೋಗುವಾಗ ನೋವಿಲ್ಲದೆ ಹೋಗಲಿ ಎಂದು ನೋಡಿಕೊಳ್ಳುವುದು ತನ್ನ ಪಾಲಿನದು ಎಂದುಕೊಂಡು ನೋಡಿಕೊಂಡಳು.

ಮೇಲಿನ ಮಹಡಿಯಿಂದ ದಿನವೂ ಇಳಿದು ಬರುತ್ತಿದ್ದವಳು ಒಬ್ಬಳೇ, ಡಾಕ್ಟರೇಟಿಗೆ ಓದುತ್ತಿದ್ದ ಹುಡುಗಿ. ಅವಳ ಕನ್ನಡಕದ ಗಾಜು ಎಷ್ಟು ದಪ್ಪವೆಂದರೆ ಅದರ ಹಿಂದಿನಿಂದ ಅವಳು ನಿನ್ನೆಯನ್ನೂ ನೋಡಬಲ್ಲಳು ಎಂದು ಇಲಿಯಕ್ಕ ಹೇಳುತ್ತಿದ್ದಳು. ಹೀಗಾಗಿ ಅವಳ ಹೆಸರೇ ಕನ್ನಡಕ ಎಂದಾಯಿತು. ಇಲಿಯಕ್ಕನಿಗೆ ಇಲಿಗಳ ಒಳಗುಟ್ಟನ್ನು ಹೇಳಿಕೊಟ್ಟವಳು ಅವಳೇ.

ಕನ್ನಡಕ ಹೇಳಿದ್ದು ಇಷ್ಟು. ಪ್ರತಿ ಜೀವಕೋಶದೊಳಗೂ ಡಿಎನ್‌ಎ ಎಂಬ ನೂಲಿದೆ. ಬಿಸಿಲು, ಹೊಗೆ, ವಯಸ್ಸು, ಕೊನೆಗೆ ಸುಮ್ಮನೆ ಉಸಿರಾಡುವುದು ಕೂಡ ಅದನ್ನು ಅಲ್ಲಲ್ಲಿ ಹರಿಯುತ್ತಿರುತ್ತದೆ. ಹರಿದಲ್ಲಿ ಹೊಲಿಗೆ ಹಾಕುವ ದರ್ಜಿಗಳೂ ಅಲ್ಲೇ ಇದ್ದಾರೆ. ಒಬ್ಬ ದರ್ಜಿ ಇಲ್ಲವಾದರೆ ಹರುಕು ಹಾಗೇ ಉಳಿದು, ಕೂಡಿ ಕೂಡಿ, ಒಂದು ದಿನ ಜೀವಕೋಶಕ್ಕೆ ತಲೆ ಕೆಟ್ಟು ಎಲ್ಲಿ ನಿಲ್ಲಬೇಕೆಂಬುದೇ ಮರೆತುಹೋಗುತ್ತದೆ. ಅದೇ ಗಡ್ಡೆ. ಕನ್ನಡಕದ ಕರಿ ಇಲಿಗಳಲ್ಲಿ ಅಂಥ ಒಬ್ಬ ದರ್ಜಿಯನ್ನು ಹುಟ್ಟಿನಿಂದಲೇ ತೆಗೆದುಹಾಕಲಾಗಿತ್ತು. ಅವುಗಳಲ್ಲಿ ಹಲವು ಗರ್ಭದಲ್ಲೇ ಕರಗಿಹೋಗುತ್ತಿದ್ದವು. ಹುಟ್ಟಿದವು ಸಣ್ಣಗೆ, ಹೊಟ್ಟೆಯ ಮೇಲೊಂದು ಬಿಳಿ ಮಚ್ಚೆ, ಬಾಲದ ತುದಿ ಸೊಟ್ಟ. ನಡುವಯಸ್ಸಿಗೆ ಗಡ್ಡೆ.

"ಆದ್ರೆ ಅಕ್ಕಾ, ದರ್ಜಿ ಜೊತೆಗೆ ಅವನ ತಲೆ ಮೇಲೆ ನಿಂತು ಕೂಗಾಡೋ ಮೇಸ್ತ್ರಿನೂ ತೆಗೆದ್ರೆ?" ಎಂದಿದ್ದಳು ಒಮ್ಮೆ. "ಉಳಿದ ದರ್ಜಿಗಳು ತಾವೇ ಕೆಲಸ ಹಂಚ್ಕೊಂಡು ಹೊಲಿದುಬಿಡ್ತಾರೆ ಅಂತ ನನಗನ್ಸುತ್ತೆ."

ಇಲಿಯಕ್ಕನಿಗೆ ಇದು ತಕ್ಷಣ ಮನಸ್ಸಿಗೆ ಹತ್ತಿತು. ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಸ್ತ್ರಿ ರಜೆ ಹಾಕಿದ ದಿನ ಕೆಲಸ ಹೇಗೆ ಸಲೀಸಾಗಿ ಮುಗಿಯುತ್ತಿತ್ತು ಎಂಬುದನ್ನು ಅವಳು ಕಣ್ಣಾರೆ ಕಂಡವಳು.

ದರ್ಜಿಯೂ ಇಲ್ಲದ, ಮೇಸ್ತ್ರಿಯೂ ಇಲ್ಲದ ಇಲಿ ಹುಟ್ಟಬೇಕಾದರೆ ತಲೆಮಾರುಗಳ ಸಂಬಂಧ ಕುದುರಿಸಬೇಕು. ಮನುಷ್ಯರ ಮದುವೆಗೆ ಅಷ್ಟು ಗೋತ್ರ ಜಾಲಾಡಿದ್ದರೆ ಯಾರಿಗೂ ಮದುವೆಯೇ ಆಗುತ್ತಿರಲಿಲ್ಲ. ಕೊನೆಗೂ ಅಂಥ ಮರಿ ಹಾಕಬಹುದಾದ ಒಂದು ಕರಿ ಹೆಣ್ಣಿಲಿ ಗರ್ಭ ಕಟ್ಟಿತು. ಕೈ ಹಾಕಿದರೆ ಕಚ್ಚುತ್ತಿದ್ದುದರಿಂದ ಅದರ ಹೆಸರು ಸಿಡುಕಿ. ಗಂಡು ಆಗಲೇ ಮುದಿಯಾಗಿ ಸತ್ತಿತ್ತು. ಹಿಮಪೆಟ್ಟಿಗೆಯಲ್ಲಿ ಅದರ ಬೀಜ ಇತ್ತು, ನಿಜ; ಆದರೆ ಅಲ್ಲಿಂದ ಮತ್ತೆ ಶುರುಮಾಡುವ ಹೊತ್ತಿಗೆ ಕನ್ನಡಕದ ಓದಿನ ಅವಧಿಯೇ ಮುಗಿದಿರುತ್ತಿತ್ತು. ಸಿಡುಕಿಯ ಈ ಒಂದು ಸೂಲು ಉಳಿದರೆ ಪ್ರಶ್ನೆಗೆ ಉತ್ತರ. ಇಲ್ಲದಿದ್ದರೆ ಹುಡುಗಿಯ ಇಷ್ಟು ವರ್ಷದ ದುಡಿಮೆ ನೀರುಪಾಲು.

ಅದೇ ದಿನಗಳಲ್ಲಿ ಇಲಿಯಕ್ಕನ ಮನೆಯಲ್ಲಿ ಒಂದು ಪವಾಡ ನಡೆಯಿತು. ಅತ್ತೆ ಅವಳ ಬೆನ್ನು ಉಜ್ಜಿದರು.

ಇದು ಎಂಥ ಪವಾಡವೆಂದು ತಿಳಿಯಬೇಕಾದರೆ ಅತ್ತೆಯ ವಿಷಯ ಗೊತ್ತಿರಬೇಕು. ಸೊಸೆಯ ಚೀಲವನ್ನು ಅವರು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿಸುತ್ತಿದ್ದರು. ಸೊಸೆ ಮುಟ್ಟಿದ ಲೋಟವನ್ನು ಮೂಸಿ ನೋಡಿಯೇ ನೀರು ಕುಡಿಯುತ್ತಿದ್ದರು. "ಊರವರು ಇಲಿಗೆ ಬೋನು ಇಡ್ತಾರೆ, ನಮ್ಮನೆ ಸೊಸೆ ಇಲಿಗೆ ಬಾಣಂತನ ಮಾಡ್ತಾಳೆ" ಎಂದು ಬಂದವರಿಗೆಲ್ಲ ಹೇಳಿ, ಬಂದವರು ನಕ್ಕರೆ ಅವರ ಮೇಲೂ ಸಿಟ್ಟಾಗುತ್ತಿದ್ದರು. ಮದುವೆಯಾಗಿ ಬಂದಂದಿನಿಂದ ಒಂದು ಮೆದು ಮಾತಿಲ್ಲ. ಮಗ ಬಸ್ಸಿನ ಡ್ರೈವರು. ಇಬ್ಬರ ನಡುವೆ ಸಿಕ್ಕಿಕೊಂಡಾಗ ಬಾಯಿಗೂ ಬ್ರೇಕು ಹಾಕಿ ಕೂರುತ್ತಿದ್ದ.

ಪಂಜರಗಳ ಮೇಲೆ ಬಗ್ಗಿ ಬಗ್ಗಿ ಇಲಿಯಕ್ಕನಿಗೆ ಸೊಂಟ ಹಿಡಿಯಿತು. ಒಂದು ಸಂಜೆ ಬಂದವಳು ಚಪ್ಪಲಿ ಬಿಚ್ಚಲು ಬಗ್ಗಲಾರದೆ ಹೊಸಿಲಲ್ಲೇ ಕಂಬದ ಹಾಗೆ ನಿಂತುಬಿಟ್ಟಳು. ಅತ್ತೆ ಒಳಗಿನಿಂದ ನೋಡುತ್ತಲೇ ಇದ್ದರು. ಆಮೇಲೆ ಎದ್ದು ಕಪಾಟಿನಿಂದ ಸೀಸೆ ತೆಗೆದರು.

"ಬಾ ಇಲ್ಲಿ. ಬೋರಲು ಮಲಕ್ಕೋ."

ಆ ಸೀಸೆಯಲ್ಲಿದ್ದದ್ದು ಅವರು ಕೈಯಾರೆ ಕಾಸುತ್ತಿದ್ದ ಮುಲಾಮು. ಕರ್ಪೂರ, ಲವಂಗದ ಎಣ್ಣೆ, ಪುದೀನದ ಸತ್ವ, ಜೊತೆಗೆ ಯಾರಿಗೂ ಹೇಳದ ಇನ್ನೊಂದು. ಮುಚ್ಚಳ ತೆಗೆದರೆ ಪಕ್ಕದ ಮನೆಯವರ ಕಟ್ಟಿದ ಮೂಗು ಬಿಡುತ್ತಿತ್ತು. ಎದುರುಮನೆಯವರು ಕಣ್ಣೀರು ತಡೆಯಲಾರದೆ ಹಳೆಯ ಜಗಳ ಮರೆತು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಹಿಂದೊಮ್ಮೆ ಸೀಸೆ ಒಡೆದಾಗ ಗೋಡೆಯ ಬಿರುಕು ತಾನೇ ಮುಚ್ಚಿಕೊಂಡಿತೆಂದು ಡ್ರೈವರು ಹೇಳುತ್ತಿದ್ದ. ಅವನು ಸುಳ್ಳು ಹೇಳುವವನಲ್ಲ, ನಿಜವನ್ನು ಕೊಂಚ ಎಳೆದು ಹೇಳುವವನು.

ಆ ಒರಟು ಅಂಗೈ ಬೆನ್ನಿನ ಮೇಲೆ ಏರಿಳಿಯುವಾಗ ಇಲಿಯಕ್ಕ ಕಣ್ಣು ಮುಚ್ಚಿಕೊಂಡಳು. ಉಜ್ಜುತ್ತ ಉಜ್ಜುತ್ತ ಅತ್ತೆ ಮಾತಿಗೂ ತೊಡಗಿದರು: ನನಗೊಬ್ಬ ತಂಗಿಯಿದ್ದಳು, ಎದೆಯಲ್ಲಿ ಗಂಟಾಗಿ ಚಿಕ್ಕ ವಯಸ್ಸಿಗೇ ಹೋದಳು, ಅವಳ ಬೆನ್ನನ್ನೂ ಹೀಗೇ ಉಜ್ಜುತ್ತಿದ್ದೆ ಎಂದರು. ಅಷ್ಟು ವರ್ಷದಲ್ಲಿ ಸೊಸೆ ಕೇಳದ ಕಥೆ. ಆಮೇಲೆ ದಿನವೂ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ ಮುಲಾಮಿನ ಸೇವೆ ನಡೆಯಿತು. ಸೊಂಟ ಎಂದೋ ವಾಸಿಯಾಗಿತ್ತು. ಆದರೂ ಇಲಿಯಕ್ಕ ಮನೆಗೆ ಬಂದೊಡನೆ ಒಂದಿಷ್ಟು ನರಳುತ್ತಿದ್ದಳು.

ಇತ್ತ ಬಾಣಂತಿ ಕೋಣೆಯಲ್ಲಿ ಏನೋ ಕೆಟ್ಟಿತು. ಒಂದು ತಾಯಿ ಗೂಡನ್ನೇ ಕಿತ್ತು ಹಾಕಿ ಮರಿಗಳನ್ನು ಮೂಲೆಮೂಲೆಗೆ ಎಸೆಯಿತು. ಇನ್ನೊಂದು, ಹೇಳಬಾರದು, ತನ್ನ ಮರಿಗಳನ್ನು ತಾನೇ ತಿಂದಿತು. ಬೆದರಿದ ಇಲಿ ಹಾಗೆ ಮಾಡುತ್ತದೆ. ಹೊರಗಿನ ಓಣಿಯಲ್ಲಿ ಕೊಳಾಯಿ ರಿಪೇರಿ ನಡೆಯುತ್ತಿತ್ತು. ಇಲಿಯಕ್ಕ ಕೊಳಾಯಿಯವನ ಮೇಲೆ ಹರಿಹಾಯ್ದಳು. ಬಾಣಂತಿಯರ ಶಾಪ ತಟ್ಟಿ ನಿನ್ನ ನಲ್ಲಿಗಳೆಲ್ಲ ಉಲ್ಟಾ ಸುರಿಯಲಿ ಎಂದಳಂತೆ. ಪಾಪ, ಅವನು ಸುತ್ತಿಗೆಗೆ ಬಟ್ಟೆ ಸುತ್ತಿಕೊಂಡು, ತುದಿಗಾಲಲ್ಲಿ ನಡೆದು, ಕೆಮ್ಮು ಬಂದರೆ ಬೀದಿಗೆ ಓಡಿಹೋಗಿ ಕೆಮ್ಮಿ ಬರುತ್ತಿದ್ದ.

ಸಿಡುಕಿ ಮರಿ ಹಾಕಿದ ಬೆಳಿಗ್ಗೆ ಇಲಿಯಕ್ಕ ಪಂಜರದ ಮುಚ್ಚಳ ಎತ್ತಿದಾಗ ಗೂಡು ಖಾಲಿಯಿತ್ತು. ಮರಿಗಳು ಪಂಜರಕ್ಕೆ ಹಾಸಿದ ಹೊಟ್ಟಿನ ಮೇಲೆ ಚೆಲ್ಲಾಪಿಲ್ಲಿ. ಸಿಡುಕಿ ಎದುರಿನ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತಿತ್ತು. ಮರಿಗಳು ಇನ್ನೂ ಉಸಿರಾಡುತ್ತಿದ್ದವು, ಆದರೆ ಮೈ ತಣ್ಣಗಾಗತೊಡಗಿತ್ತು. ಅವನ್ನು ಒಟ್ಟುಮಾಡಿ ಬೆಚ್ಚನೆಯ ತಟ್ಟೆಯ ಮೇಲಿಟ್ಟು, ಹೊರಗೆ ಬಂದು ಕನ್ನಡಕಕ್ಕೆ ಫೋನು ಮಾಡಿದಳು.

ಬರೆಯುವ ಕೆಲಸದಲ್ಲಿ ಮುಳುಗಿ ಹಲವು ದಿನದಿಂದ ಕೆಳಗೆ ಬಂದಿರದ ಕನ್ನಡಕ ಮೆಟ್ಟಿಲುಗಳನ್ನು ಇಳಿದು ಬರಲಿಲ್ಲ, ಉರುಳಿ ಬಂದಳು ಎನ್ನಬೇಕು. ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಲುವಂಗಿ ತೊಡುತ್ತಿದ್ದವಳು ಒಮ್ಮೆಗೇ ನಿಂತು ಮೂಗು ಅರಳಿಸಿದಳು.

"ಅಕ್ಕಾ, ಯಾರಿಗಾದ್ರೂ ನೆಗಡಿ ಆಗಿದೆಯಾ?"

"ಇಲ್ವಲ್ಲ."

"ಮತ್ತೆ ಈ ವಾಸನೆ?"

"ಯಾವ ವಾಸನೆ?" ಎಂದು ಇಲಿಯಕ್ಕ ಕೇಳಿದಳು. ಕೇಳಿದ ಮೇಲೆ ಬಾಗಿಲ ಕಡೆಗೆ ತಿರುಗಿದಳು. ಸುಗಂಧ ಪೂಸಿಕೊಂಡು ಒಳಗೆ ಬರಕೂಡದು ಎಂಬ ಫಲಕ ಅಲ್ಲಿತ್ತು. ಅಂಟಿಸಿದವಳು ಅವಳೇ. ಪೌಡರು ಹಾಕಿಕೊಂಡು ಬಂದವರನ್ನು ಮುಖ ತೊಳೆದು ಬನ್ನಿ ಎಂದು ಅಟ್ಟಿದವಳೂ ಅವಳೇ. ಆದರೆ ಮುಲಾಮು ಸುಗಂಧವಲ್ಲವಲ್ಲ, ಔಷಧಿ! ಅದು ಫಲಕದ ಲೆಕ್ಕಕ್ಕೆ ಬರುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮನೆತುಂಬ ಅದೇ ಘಾಟು ಇರುವಾಗ ಅವಳ ಮೂಗಿಗೂ ಅದು ಗಾಳಿಯಷ್ಟೇ ಸಹಜವಾಗಿಬಿಟ್ಟಿತ್ತು. ಮೂಗೇ ಮೈಯಾದ ಇಲಿಗೆ, ಆಗಷ್ಟೇ ಹೆತ್ತ ಇಲಿಗೆ, ಅದು ಹೇಗಿದ್ದಿರಬೇಕು!

ಅವಳು ಬೆಂಚಿನ ಮೇಲೆ ಕುಸಿದು ಕೂತಳು.

"ಕೊಳಾಯಿಯವನಲ್ಲ ಕಣಮ್ಮಾ. ನಾನು. ನನ್ನ ಬೆನ್ನು."

ಎಲ್ಲವನ್ನೂ ಹೇಳಿದಳು. ಕನ್ನಡಕ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡಳು.

"ಬೈಯೋದು ಆಮೇಲೆ ಬೈತೀನಿ, ಅಕ್ಕ. ಈಗ ಏನ್ ಮಾಡೋದು ಹೇಳಿ."

ಮಾಡಬಹುದಾದದ್ದು ಒಂದೇ: ದೊಡ್ಡಮ್ಮನ ಮಡಿಲಿಗೆ ಹಾಕುವುದು. ದೊಡ್ಡಮ್ಮ ಒಂದು ಬಿಳಿ ಇಲಿ, ಬಲು ಸಮಾಧಾನಿ, ನಿದ್ದೆ ಮತ್ತು ಊಟ ಬಿಟ್ಟರೆ ಲೋಕದ ಗೊಡವೆಯಿಲ್ಲ. ತಾಯಿ ಬಿಟ್ಟ ಮರಿಗಳನ್ನು ಹಿಂದೆಯೂ ಸಾಕಿತ್ತು. ಮುಲಾಮಿನ ಘಾಟಿಗೂ ಅದೊಂದೇ ಜಗ್ಗಿರಲಿಲ್ಲ. ಮೊನ್ನೆಯಷ್ಟೇ ಅದಕ್ಕೂ ಮರಿಯಾಗಿದ್ದರಿಂದ ಹಾಲಿತ್ತು. ಬಿಳಿ ತಾಯಿಯ ಬಳಿ ಕರಿ ಮರಿ ಹಾಕಿದರೆ ಮುಂದೆ ಯಾರ ಮಕ್ಕಳು ಯಾರೆಂಬ ಗೊಂದಲವೂ ಇಲ್ಲ. ಆದರೆ ಪರರ ಮರಿ ಎಂದು ಮೂಗಿಗೆ ಗೊತ್ತಾದರೆ ದೊಡ್ಡಮ್ಮನೂ ಸೇರಿಸದು. ಮರಿಗಳ ಮೈಗೆ ಅದರ ಗೂಡಿನ ವಾಸನೆಯನ್ನೇ ಹತ್ತಿಸಬೇಕು. ಮುಲಾಮಿನ ಮೈಯವಳು ಆ ಕೆಲಸಕ್ಕೆ ಕೈ ಹಾಕುವಂತಿಲ್ಲ.

ಹೀಗಾಗಿ ಕನ್ನಡಕ ಒಳಗೆ ಹೋದಳು. ಇಲಿಯಕ್ಕ ತನ್ನದೇ ಕೋಣೆಯ ಹೊರಗೆ, ಬಾಗಿಲಿನ ಗಾಜಿಗೆ ಹಣೆ ಒತ್ತಿಕೊಂಡು, ಗೋಡೆಯ ಫೋನು ಕಿವಿಗಿಟ್ಟು ನಿಂತಳು. ಒಳಗಿನ ಫೋನಿನ ಸ್ಪೀಕರಿನಲ್ಲಿ ಅವಳ ಪಿಸುದನಿ ಕೇಳುತ್ತಿತ್ತು.

ದೊಡ್ಡಮ್ಮನನ್ನು ಬೇರೆ ಪಂಜರಕ್ಕೆ ಎತ್ತಿಡು ಎಂದಳು. ಅದರ ಮರಿಗಳಲ್ಲಿ ಅರ್ಧವನ್ನು ಪಕ್ಕದ ಬಾಣಂತಿಗೆ ಕೊಡು. ಗೂಡಿನ ಎಳೆಗಳಲ್ಲಿ ನಿನ್ನ ಕೈಗವಸು ತಿಕ್ಕಿಕೋ, ಆಮೇಲೆ ಸಿಡುಕಿಯ ಮರಿಗಳನ್ನು ಅದೇ ಎಳೆಗಳಲ್ಲಿ ಹೊರಳಿಸು.

"ಎಲ್ಲಾ ಒಂದೇ ಥರ ಗುಲಾಬಿ ಇವೆ, ಅಕ್ಕ. ಕಲೆಸಿಹೋದ್ರೆ?"

"ಕಣ್ಣು ನೋಡು. ಚರ್ಮದಡಿ ಕಪ್ಪು ಚುಕ್ಕೆ ಕಂಡ್ರೆ ನಮ್ಮವು."

"ಕೈ ನಡುಗ್ತಿದೆ."

"ನಡುಗ್ಲಿ ಬಿಡು. ತೊಟ್ಟಿಲು ತೂಗಿದ ಹಾಗಾಗುತ್ತೆ ಅವಕ್ಕೆ."

ಮರಿಗಳನ್ನೆಲ್ಲ ಒಟ್ಟಿಗೆ ಗೂಡಿನಲ್ಲಿಟ್ಟು ಮೈ ವಾಸನೆ ಒಂದಾಗಲೆಂದು ಕಾದರು. ಸಂಶೋಧನಾಲಯ ಕಟ್ಟಿದ ಕಾಲಕ್ಕಿಂತ ಆ ಕಾಯುವಿಕೆಯೇ ಉದ್ದವಾಗಿತ್ತು. ಆಮೇಲೆ ಕನ್ನಡಕ ದೊಡ್ಡಮ್ಮನನ್ನು ಹಿಂದಕ್ಕೆ ಬಿಟ್ಟಳು. ಅದು ಗೂಡಿನ ಸುತ್ತ ನಡೆಯಿತು. ಮೂಸಿತು. ನಿಂತಿತು. ಅಂಚಿನಲ್ಲಿದ್ದ ಒಂದು ಕಪ್ಪು ಕಣ್ಣಿನ ಮರಿಯನ್ನು ಬಾಯಲ್ಲಿ ಕಚ್ಚಿ ಎತ್ತಿತು. ಗಾಜಿನ ಈಚೆ ಇಲಿಯಕ್ಕ ಉಸಿರು ಬಿಡಲಿಲ್ಲ. ಆಚೆ ಕನ್ನಡಕವೂ ಬಿಡಲಿಲ್ಲ. ದೊಡ್ಡಮ್ಮ ಮರಿಯನ್ನು ಗೂಡಿನ ನಟ್ಟನಡುವೆ ತಂದಿಟ್ಟು, ಎಳೆಗಳನ್ನು ಮೇಲಕ್ಕೆಳೆದುಕೊಂಡು, ಎಲ್ಲವನ್ನೂ ಮುಚ್ಚಿ ಕೂತಿತು.

"ಸೇರಿಸ್ಕೊಂಡ್ತು" ಎಂದಳು ಕನ್ನಡಕ.

"ಸೇರಿಸ್ಕೊಂಡಿದೆ. ಹಾಲು ಕೊಡುತ್ತೋ ಇಲ್ವೋ ನಾಳೆ ನೋಡ್ಬೇಕು."

ಮನೆಗೆ ಬಂದಾಗ ಅತ್ತೆ ಸೀಸೆ ತೆರೆದಿಟ್ಟು, ಅಂಗೈ ಉಜ್ಜಿ ಬಿಸಿಮಾಡಿಕೊಂಡು ಸಿದ್ಧವಾಗಿದ್ದರು. ದಾರಿಯುದ್ದಕ್ಕೂ ಇಲಿಯಕ್ಕ ಹತ್ತು ಬಗೆಯ ನೆಪ ಹೊಸೆದಿದ್ದಳು. ಆ ಕೈಗಳನ್ನು ನೋಡಿದ ಮೇಲೆ ಒಂದೂ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಅಂದ್ರೆ ನನ್ನ ಕೈಗುಣ ನಿನ್ನ ಇಲಿಗಳಿಗೆ ಆಗಿಬರಲ್ಲ ಅಂತೀಯಾ?" ಎಂದರು ಅತ್ತೆ.

ಕೈಗುಣವಲ್ಲ, ವಾಸನೆ ಎಂದು ಸೊಸೆ ಹೇಳುವಷ್ಟರಲ್ಲಿ ಅವರು ಸೀಸೆಗೆ ಮುಚ್ಚಳ ಬಿಗಿದು ಒಳಗೆ ಹೋಗಿಯಾಗಿತ್ತು. ಡ್ರೈವರು ತಟ್ಟೆಯಲ್ಲೇ ಮುಖ ಹುದುಗಿಸಿದ. ಇಲಿಯಕ್ಕ ಚರ್ಮ ಕೆಂಪೇರುವ ತನಕ ತಿಕ್ಕಿ ಸ್ನಾನ ಮಾಡಿದಳು. ಮುಲಾಮು ತೊಳೆದುಹೋಗುತ್ತಿತ್ತೋ ಇಲ್ಲವೋ, ಅದರ ಜೊತೆಗೆ ಬಂದದ್ದೂ ಚರಂಡಿಯ ದಾರಿ ಹಿಡಿಯುತ್ತಿದೆ ಎಂದು ಅವಳಿಗೆ ಅನಿಸುತ್ತಿತ್ತು.

ಹೊರಗೆ ಬಂದಾಗ ಅತ್ತೆ ನಡುಮನೆಯಲ್ಲಿ ನಿಂತು ಮಗನ ಮೂಗಿನ ಕೆಳಗೆ ಎರಡೂ ಅಂಗೈ ಹಿಡಿದಿದ್ದರು.

"ಸರಿಯಾಗಿ ಮೂಸೋ. ವಾಸನೆ ಇದೆಯಾ?"

"ಇಲ್ಲಮ್ಮ. ಇಡೀ ಒಂದು ಸೋಪು ಮುಗಿಸಿದ್ದೀಯಲ್ಲ."

ಅತ್ತೆ ಸೊಸೆಯ ಕಡೆ ತಿರುಗಿದರು. "ಬಾ, ಮಲಕ್ಕೋ. ಮುಲಾಮು ಇಲ್ದಿದ್ರೆ ಏನಾಯ್ತು, ಕೈ ಇದೆಯಲ್ಲ."

ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಬೆನ್ನ ಮೇಲೆ ಹರಡಿ ಒತ್ತತೊಡಗಿದರು.

"ಆ ಬಿಳೀದು, ಪರರ ಮಕ್ಕಳಿಗೆ ಹಾಲು ಕೊಡುತ್ತೇನೇ?"

"ನಾಳೆ ಗೊತ್ತಾಗುತ್ತೆ, ಅತ್ತೆ."

"ಕೊಡುತ್ತೆ ಬಿಡು. ವಾಸನೆ ಹೊಂದ್ಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು, ಅಷ್ಟೆ."

"ನಿನಗೆ ಎಷ್ಟು ವರ್ಷ ಹಿಡೀತಮ್ಮ?" ಎಂದ ಡ್ರೈವರು, ಬ್ರೇಕು ಹಾಕುವುದನ್ನು ಮರೆತು.

ಒದ್ದೆ ಬಟ್ಟೆ ಹಾರಿಹೋಗಿ ಅವನ ಮುಖಕ್ಕೆ ಬಡಿಯಿತು. ಇಲಿಯಕ್ಕ ದಿಂಬಿನಲ್ಲಿ ಮುಖ ಹುದುಗಿಸಿ ನಕ್ಕಳು. ಬೆನ್ನು ಕುಲುಕಿದ್ದು ಅತ್ತೆಗೆ ತಿಳಿಯಿತು; ತಿಳಿಯದ ಹಾಗೆ ಇದ್ದರು.

ಬೆಳಿಗ್ಗೆ ಅವಳು ಗಾಜಿನ ಹೊರಗೇ ನಿಂತಳು. ಒಳಗೆ ಕನ್ನಡಕ ಗೂಡಿನಿಂದ ಒಂದು ಮರಿಯನ್ನು ಅಂಗೈ ಮೇಲೆ ತೆಗೆದು ದೀಪದ ಬೆಳಕಿಗೆ ಹಿಡಿದಳು. ಎಳೆಯ ಇಲಿಮರಿಯ ಚರ್ಮ ಎಷ್ಟು ತೆಳುವೆಂದರೆ ಕುಡಿದ ಹಾಲು ಹೊರಗಿನಿಂದಲೇ ಕಾಣುತ್ತದೆ. ಗುಲಾಬಿ ಹೊಟ್ಟೆಯ ಎಡಬದಿಯಲ್ಲಿ ಹಾಲಿನ ಒಂದು ಬಿಳಿ ಕಲೆ. ಕನ್ನಡಕ ಇನ್ನೊಂದನ್ನು ಎತ್ತಿದಳು. ಅದಕ್ಕೂ ಇತ್ತು. ಮತ್ತೊಂದಕ್ಕೂ ಇತ್ತು. ಆಮೇಲೆ ಅವಳ ಕನ್ನಡಕಕ್ಕೆ ಮಂಜು ಕವಿದು ಏನೂ ಕಾಣದಾಯಿತು. ಉಳಿದವನ್ನು ಹೊರಗಿನಿಂದಲೇ ಇಲಿಯಕ್ಕ ನೋಡಿ ಹೇಳಿದಳು.

ಮರಿಗಳಿಗೆ ಕಪ್ಪು ತುಪ್ಪಳ ಬಂದು, ಕಿವಿ ಬೆಳೆದು, ಕಚ್ಚು ಹಾಕುವಾಗ ಸಿಕ್ಕ ಕಿವಿಯ ಚೂರುಗಳು ಪರೀಕ್ಷೆಗೆಂದು ಮೇಲಿನ ಮಹಡಿಗೆ ಹೋದವು. ಎರಡು ಮರಿಗಳಲ್ಲಿ ದರ್ಜಿಯೂ ಇರಲಿಲ್ಲ, ಮೇಸ್ತ್ರಿಯೂ ಇರಲಿಲ್ಲ. ಹಾಗಿದ್ದೂ ಅವು ಒಡಹುಟ್ಟಿದವರಷ್ಟೇ ದಪ್ಪಗಿದ್ದವು, ಬಾಲ ನೆಟ್ಟಗಿತ್ತು. ಗಡ್ಡೆ ಬರುತ್ತದೋ ಇಲ್ಲವೋ ಎಂಬುದಕ್ಕೆ ನಡುವಯಸ್ಸಿನ ತನಕ ಕಾಯಬೇಕು, ಈಗಲೇ ಹಿಗ್ಗಬಾರದು ಎಂದು ಕನ್ನಡಕ ಹೇಳಿದಳು. ಹೇಳುವಾಗ ಮೆಟ್ಟಿಲ ಮೇಲೆ ಕುಣಿಯುತ್ತಿದ್ದಳು. ಬೈಯುತ್ತೇನೆಂದಿದ್ದನ್ನು ಅವಳಿಗೆ ನೆನಪಿಸುವಷ್ಟು ದಡ್ಡಿಯಲ್ಲ ಇಲಿಯಕ್ಕ. ಅತ್ತ ಕೊಳಾಯಿಯವನನ್ನು ಕರೆದು ಚಹಾ ಕೊಟ್ಟು ಕ್ಷಮೆ ಕೇಳಿದಳು. ಅವನಿಗೆ ತುದಿಗಾಲಿನ ನಡಿಗೆ ಅಭ್ಯಾಸವಾಗಿ ಇಂದಿಗೂ ಹಾಗೇ ನಡೆಯುತ್ತಾನಂತೆ.

ಅತ್ತೆ ಈಗ ದಿನವೂ ಸಂಜೆ ಚೀಲವನ್ನು ಒಳಗೆ ತರಿಸಿ, ಬಾಣಂತಿಯರ ಯೋಗಕ್ಷೇಮವನ್ನು ಒಬ್ಬೊಬ್ಬರದಾಗಿ ಕೇಳುತ್ತಾರೆ. ಸಿಡುಕಿಯ ವಿಷಯ ಬಂದರೆ ಮಾತ್ರ ಅದರ ಪರ ವಹಿಸುತ್ತಾರೆ. ಅವಳದೇನು ತಪ್ಪು, ಘಾಟು ಹಾಗಿತ್ತು ಎನ್ನುತ್ತಾರೆ, ಸ್ವಲ್ಪ ಹೆಮ್ಮೆಯಿಂದಲೇ.

ಕಾಸಿಟ್ಟ ಮುಲಾಮು ವ್ಯರ್ಥವಾಗಲಿಲ್ಲ. ಇಲಿಗಳ ಕೋಣೆಯ ಕಡೆ ಎಂದೂ ಸುಳಿಯದ ದೊಡ್ಡ ಮೇಡಂಗೆ ಮೊಣಕಾಲು ನೋವು ಎಂದು ತಿಳಿದು ಅತ್ತೆ ಒಂದು ಸೀಸೆ ಕಳಿಸಿದರು. ಕಟ್ಟಡದ ತುತ್ತತುದಿಯ ಮಹಡಿಯಲ್ಲಿ ಅದರ ಮುಚ್ಚಳ ತೆಗೆದ ದಿನದಿಂದ ಅಲ್ಲಿ ಯಾರಿಗೂ ನೆಗಡಿಯಾಗಿಲ್ಲ, ಕೆಟ್ಟುನಿಂತಿದ್ದ ಲಿಫ್ಟು ತಾನೇ ಓಡತೊಡಗಿದೆ. ಆದರೆ ಮೇಡಂ ನೆಲಮಹಡಿಗೆ ಕಾಲಿಡುವಂತಿಲ್ಲ. ಬಾಗಿಲಿನ ಫಲಕದಲ್ಲಿ ಸುಗಂಧದ ಕೆಳಗೆ ಇನ್ನೊಂದು ಸಾಲು ಸೇರಿದೆ: ಮುಲಾಮೂ ಕೂಡದು, ಅದು ಅತ್ತೆಯದೇ ಆಗಿದ್ದರೂ.